ಒಂದು ಯಂತ್ರ, ಎರಡು ಕೆಲಸ, ಹತ್ತು ಬೆರಳು

ಮೊಳೆ ಹೊಡೆಯಹೋಗಿ ತನ್ನ ಹೆಬ್ಬೆರಳಿಗೇ ಸುತ್ತಿಗೆಯ ಏಟು ಕೊಟ್ಟುಕೊಳ್ಳುವವರ ಪೈಕಿ ನಾನು. ಅಂಥವನನ್ನು ಮರಗೆಲಸದ ಯಂತ್ರವೊಂದರ ಆಯ್ಕೆಯ ಪಂಚಾಯಿತಿಗೆ ಕೂರಿಸಿದರೆ ಏನಾದೀತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಆದರೂ ಈಚೆಗೆ ಅಂಥದೊಂದು ಪ್ರಸಂಗ ನನ್ನ ಪಾಲಿಗೆ ಬಂದಿತು. ಅದರಿಂದ ನಾನು ಕಲಿತದ್ದು ಬಡಗಿಗಳಿಗಿಂತ ಹೆಚ್ಚಾಗಿ, ಬಡಗಿಗಳಿಂದ ಕೆಲಸ ಮಾಡಿಸಿಕೊಳ್ಳುವ ನಮ್ಮಂಥ ಗೃಹಸ್ಥರಿಗೇ ಸಂಬಂಧಿಸಿದ್ದೆಂದು ತೋರಿದ್ದರಿಂದ ಈ ವಾರದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ನಾವಿರುವುದು ಅಲ್ಲಾಳಸಂದ್ರದಲ್ಲಿ. ಯಲಹಂಕದ ಮಗ್ಗುಲಿನ ಈ ಊರಿಗೆ ಒಂದು ಕೆರೆಯಿದೆ. ಸಮೀಪದಲ್ಲೇ ಕೃಷಿ ವಿಶ್ವವಿದ್ಯಾನಿಲಯದ ಜಿ.ಕೆ.ವಿ.ಕೆ. ಆವರಣದ ಹಸಿರಿದೆ. ೨೦೦೮ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಇಕ್ಕೆಲಗಳಲ್ಲೂ ಮಹಡಿಯ ಮೇಲೆ ಮಹಡಿ ಏಳುತ್ತ ಬಂದಿತು. ಮನೆಯೊಂದಕ್ಕೆ ಮೂರು ಕೋಣೆ, ಕೋಣೆಗೊಂದು ಬಟ್ಟೆಯ ಕಪಾಟು, ಅಡುಗೆಮನೆಯ ಗೋಡೆತುಂಬ ಮುಚ್ಚಳದ ಗೂಡುಗಳು. ಇವನ್ನೆಲ್ಲ ಯಾರೋ ಎಲ್ಲೋ ಕೊಯ್ದು ಕೂಡಿಸಲೇಬೇಕಲ್ಲವೆ?

ಕೆರೆಯ ದಂಡೆಯ ಸಂಜೆಯ ತಿರುಗಾಟ ಮುಗಿಸಿ ನಾನು ಮರಳುವ ದಾರಿಯಲ್ಲಿ ಅಂಥ ಒಂದು ಕಾರ್ಯಾಗಾರವಿದೆ. ಯಜಮಾನರಾದ ಆಚಾರ್ಯರು ನಮ್ಮ ಮನೆಯ ತೇಗದ ತಲೆಬಾಗಿಲನ್ನು ಉಳಿ, ಕೊಡತಿಗಳಿಂದ ಮಾಡಿಕೊಟ್ಟವರು. ಅಂದಿನಿಂದ ಬೆಳೆದ ಸ್ನೇಹ. ಈಗ ಕೆಲಸವೆಲ್ಲ ಮಗನ ಕೈಯಲ್ಲಿದೆ. ಪ್ಲೈವುಡ್ಡು, ಮೈಕಾ, ಅಳತೆ ತಪ್ಪದ ಕೊಯ್ತ ಎಂಬುದು ಅವನ ಪ್ರಪಂಚ. ಆ ದಿನ ನಾನು ಒಳಗೆ ಕಾಲಿಡುವ ಹೊತ್ತಿಗೆ ತಂದೆ ಮಕ್ಕಳಿಬ್ಬರೂ ಬೆನ್ನು ತಿರುಗಿಸಿ ನಿಂತಿದ್ದರು.

“ಮೇಷ್ಟ್ರೇ, ನೀವೇ ಹೇಳಿ” ಎಂದು ಮಗ ಇಂಗ್ಲಿಷಿನ ಬಣ್ಣದ ಪುಸ್ತಿಕೆಯೊಂದನ್ನು ನನ್ನ ಕೈಗಿತ್ತನು. “ಈ ಹಳೆಯ ಗರಗಸದ ಮೇಜಿನಲ್ಲಿ ಇನ್ನೆಷ್ಟು ದಿನ? ಕೊಯ್ಯುವುದೂ ಅಂಚು ತೀಡುವುದೂ ಒಂದೇ ಯಂತ್ರದಲ್ಲಿ ಆಗುತ್ತದೆ. ಅಪ್ಪ ಮಾತ್ರ ಬೇಡವೆನ್ನುತ್ತಾರೆ.”

“ಬೇಡವೆಂದವರಾರು ಸ್ವಾಮಿ? ನೋಡಿ ತೆಗೆದುಕೋ ಎಂದೆ, ಅಷ್ಟೆ” ಎಂದರು ಆಚಾರ್ಯರು.

ಆ ಪುಸ್ತಿಕೆಯನ್ನು ಮನೆಗೆ ತಂದು ಎರಡು ರಾತ್ರಿ ಓದಿದೆ. ನನಗೆ ತಿಳಿದಷ್ಟನ್ನು ವಾಚಕರಿಗೂ ಹೇಳುತ್ತೇನೆ.

ಸಾಮಾನ್ಯ ಗರಗಸದ ಮೇಜಿನಲ್ಲಿ ಅಲಗು ನಡುವೆ ನಿಂತು ತಿರುಗುತ್ತದೆ. ಹಲಗೆಯನ್ನು ಕೈಯಿಂದ ಅದರತ್ತ ನೂಕಬೇಕು. ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ಡನ್ನು ಒಬ್ಬನೇ ನೇರವಾಗಿ ನೂಕುವುದೆಂದರೆ ಎತ್ತನ್ನು ಸೂಜಿಯ ಕಣ್ಣಿಗೆ ತೂರಿಸಿದಂತೆ. ೧೯೦೬ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಆಲ್ಟನ್‌ಡಾರ್ಫ್ ಎಂಬಾತನು ಇದಕ್ಕೊಂದು ಉಪಾಯ ಕಂಡುಹಿಡಿದನು. ಅಲಗಿನ ಪಕ್ಕದಲ್ಲಿ ಹಳಿಯ ಮೇಲೆ ಜಾರುವ ಗಾಡಿಯೊಂದನ್ನು ಜೋಡಿಸಿ, ಹಲಗೆಯನ್ನು ಅದರ ಮೇಲಿಟ್ಟು ಗಾಡಿಯನ್ನೇ ನೂಕುವುದು. ಗಾಡಿ ನೇರವಾಗಿದ್ದರೆ ಕೊಯ್ತವೂ ನೇರ. ನಮ್ಮ ಬಡಗಿಗಳು ‘ಪ್ಯಾನೆಲ್ ಸಾ’ ಎನ್ನುವುದು ಇದನ್ನೇ. ಮುಖ್ಯ ಅಲಗಿನ ಮುಂದೆ ಪುಟ್ಟದೊಂದು ಅಲಗು ವಿರುದ್ಧ ದಿಕ್ಕಿಗೆ ತಿರುಗುತ್ತ ಮೈಕಾದ ಕೆಳಮೈಯನ್ನು ಮೊದಲೇ ಗೀರಿಬಿಡುವುದರಿಂದ ಅಂಚು ಚಕ್ಕೆ ಏಳುವುದಿಲ್ಲ.

ಎರಡನೆಯದು ‘ಸ್ಪಿಂಡಲ್ ಮೋಲ್ಡರ್’. ಮೇಜಿನಿಂದ ಮೇಲಕ್ಕೆ ನಿಂತ ಕದಿರಿಗೆ ಬೇಕಾದ ಆಕಾರದ ಕತ್ತಿಗಳನ್ನು ಕಟ್ಟಿ ತಿರುಗಿಸಿದರೆ, ಬಾಗಿಲಿನ ಚೌಕಟ್ಟಿನ ಗಾಡಿಗೆರೆ, ಅಂಚಿನ ದುಂಡು, ಹಲಗೆ ಕೂರುವ ಕಾಲುವೆ ಎಲ್ಲವೂ ಮೂಡುತ್ತವೆ. ಆಚಾರ್ಯರು ಒಂದು ದಿನ ಬಗ್ಗಿ ಮಾಡುತ್ತಿದ್ದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಈ ಎರಡನ್ನೂ ಒಂದೇ ಮೈಯಲ್ಲಿ ಕೂಡಿಸಿ, ಎರಡಕ್ಕೂ ಒಂದೇ ಜಾರುಗಾಡಿಯನ್ನು ಒದಗಿಸಿದರೆ ಜಾಗವೂ ಉಳಿಯಿತು, ಹಣವೂ ಉಳಿಯಿತು. ಅದೇ ಮಗನು ಮೆಚ್ಚಿದ ಜೋಡಿಯಂತ್ರ.

ಮೂರನೆಯ ಸಂಜೆ ಮತ್ತೆ ಪಂಚಾಯಿತಿ ಸೇರಿತು. ಆಚಾರ್ಯರು ಪುಸ್ತಿಕೆಯ ಚಿತ್ರವನ್ನು ನೋಡಲೇ ಇಲ್ಲ. ಸೀಮೆಸುಣ್ಣವನ್ನು ಮಗನ ಕೈಗಿತ್ತು, “ನೆಲದ ಮೇಲೆ ಬರೆ” ಎಂದರು.

ಕಾರ್ಯಾಗಾರದ ಉದ್ದ ಮೂವತ್ತಡಿ, ಅಗಲ ಇಪ್ಪತ್ತಡಿ. ಹಿಂದಿನ ಆರಡಿಯಲ್ಲಿ ಮರದ ರಾಶಿ. ಉಳಿದದ್ದು ಇಪ್ಪತ್ತನಾಲ್ಕಡಿ, ಎಂದರೆ ಸುಮಾರು ೭.೩ ಮೀಟರು. ಮಗನ ಕಣ್ಣಿದ್ದುದು ೩.೨ ಮೀಟರಿನ ಗಾಡಿಯ ಮೇಲೆ. ಆದರೆ ಗಾಡಿ ಅಲಗಿನ ಹಿಂದಿನಿಂದ ಮುಂದಕ್ಕೆ ಪೂರ್ತಿ ಓಡಬೇಕಾದರೆ ತನ್ನ ಉದ್ದದ ಇಮ್ಮಡಿಗಿಂತ ತುಸು ಹೆಚ್ಚೇ ಜಾಗ ಬೇಡುತ್ತದೆ, ಅಲ್ಲಿಗೆ ೬.೮ ಮೀಟರು ಹೋಯಿತು. ಉಳಿದ ಅರ್ಧ ಮೀಟರಿನಲ್ಲಿ ಮನುಷ್ಯ ನಿಲ್ಲುವುದೆಲ್ಲಿ, ಹಲಗೆ ಒಳಗೆ ಬರುವುದೆಲ್ಲಿ? ಪ್ಲೈವುಡ್ಡಿನ ಉದ್ದವಾದರೋ ೨,೪೪೦ ಮಿಲಿಮೀಟರು ಮಾತ್ರ. ೨.೬ ಮೀಟರಿನ ಗಾಡಿಯಾದರೆ ಹಲಗೆಯೂ ಪೂರ್ತಿ ಕೊಯ್ಯುತ್ತದೆ, ಓಡಾಡಲು ಐದಡಿಗೂ ಹೆಚ್ಚು ಜಾಗವೂ ಉಳಿಯುತ್ತದೆ. ಮಗನು ಮೌನವಾಗಿ ಹಳೆಯ ಗೆರೆಯನ್ನು ಕಾಲಿನಿಂದ ಅಳಿಸಿ ಹೊಸ ಗೆರೆ ಎಳೆದನು.

“ಇನ್ನು ಲೆಕ್ಕದ ಪುಸ್ತಕ ತೆಗೆ” ಎಂದರು ಆಚಾರ್ಯರು. “ತಿಂಗಳಿನಲ್ಲಿ ಎಷ್ಟು ದಿನ ಕೊಯ್ತ, ಎಷ್ಟು ದಿನ ಅಂಚಿನ ಕೆಲಸ?”

ಈ ಪ್ರಶ್ನೆಯೇ ಜೋಡಿಯಂತ್ರದ ಮರ್ಮ. ಒಂದೇ ಮೈಯಲ್ಲಿ ಎರಡು ಯಂತ್ರವಿದ್ದರೂ ಒಂದು ಹೊತ್ತಿಗೆ ಒಂದೇ ಕೆಲಸ. ಸ್ಪಿಂಡಲ್ಲಿನ ಬೇಲಿಯನ್ನು ಬಿಗಿದು, ಕತ್ತಿಯ ಎತ್ತರ ಹೊಂದಿಸಿ, ಚೂರು ಮರದ ಮೇಲೆ ಪರೀಕ್ಷಿಸಿ, ಅಳತೆ ಕೂಡಿ ಬಂದ ಮೇಲೆ ಯಾರಾದರೂ ಬಂದು “ಒಂದು ಹಲಗೆ ಕೊಯ್ದುಕೊಡಿ” ಎಂದರೆ, ಆ ಬೇಲಿಯನ್ನೆಲ್ಲ ಕಳಚಬೇಕು. ಮತ್ತೆ ಮೊದಲಿನಿಂದ ಹೊಂದಿಸಬೇಕು. ಇಬ್ಬರು ಏಕಕಾಲಕ್ಕೆ ದುಡಿಯುವ ಕಾರ್ಯಾಗಾರಕ್ಕೆ ಎರಡು ಬೇರೆ ಯಂತ್ರಗಳೇ ಲೇಸು. ಕೊಯ್ತವನ್ನೆಲ್ಲ ಒಟ್ಟಿಗೆ ಮುಗಿಸಿ, ಅಂಚಿನ ಕೆಲಸವನ್ನು ಬೇರೆ ದಿನಗಳಲ್ಲಿ ಒಟ್ಟಿಗೆ ಇಟ್ಟುಕೊಳ್ಳಬಲ್ಲವನಿಗೆ ಜೋಡಿ ಒಪ್ಪುತ್ತದೆ. ಪುಸ್ತಕ ನೋಡಿದರೆ, ತಿಂಗಳಿನಲ್ಲಿ ಅಂಚಿನ ಕೆಲಸ ನಾಲ್ಕೈದು ದಿನಕ್ಕೆ ಮೀರಿರಲಿಲ್ಲ. ಜೋಡಿಯಂತ್ರವೇ ಸರಿಯೆಂದು ಆಚಾರ್ಯರೇ ಒಪ್ಪಿದರು. ಮಗನ ಮುಖ ಅರಳಿತು.

“ನಿಲ್ಲು, ಇನ್ನೂ ಮುಗಿದಿಲ್ಲ” ಎಂದು ಆಚಾರ್ಯರು ತಮ್ಮ ಎಡಗೈಯನ್ನು ಮೇಜಿನ ಮೇಲಿಟ್ಟರು.

ಆ ಕೈಯ ತೋರುಬೆರಳಿನ ಮೇಲಿನ ಗೆಣ್ಣು ಇಲ್ಲವೆಂಬುದು ನನಗೆ ಮೊದಲಿನಿಂದ ಗೊತ್ತು. ಹೇಗೆ ಹೋಯಿತೆಂದು ಎಂದೂ ಕೇಳಿರಲಿಲ್ಲ. ಆ ಸಂಜೆ ಅವರಾಗಿಯೇ ಹೇಳಿದರು. ಪ್ರಾಯದಲ್ಲಿ ಯಾರದೋ ಗರಗಸದ ಮೇಜಿನಲ್ಲಿ ಕೂಲಿಗೆ ದುಡಿಯುತ್ತಿದ್ದರಂತೆ. ಕೊಯ್ತದ ಸೀಳು ಹಿಂದಿನಿಂದ ಕೂಡಿಕೊಂಡು ಅಲಗನ್ನು ಕಚ್ಚಿತು. ಮರ ಹಿಂದಕ್ಕೆ ಚಿಮ್ಮಿತು. ಅದನ್ನು ಒತ್ತಿ ಹಿಡಿದಿದ್ದ ಕೈ ಅಲಗಿನ ಮೇಲೆ ಜಾರಿತು. “ನೋವು ಆಮೇಲೆ ಬಂತು ಸ್ವಾಮಿ. ಮೊದಲು ಬಂದದ್ದು ಆಶ್ಚರ್ಯ” ಎಂದರು.

೩೦೦ ಮಿಲಿಮೀಟರಿನ ಅಲಗು ನಿಮಿಷಕ್ಕೆ ೪,೦೦೦ ಸುತ್ತು ತಿರುಗಿದರೆ ಅದರ ಹಲ್ಲು ಗಂಟೆಗೆ ಸುಮಾರು ೨೨೫ ಕಿಲೋಮೀಟರು ವೇಗದಲ್ಲಿ ಓಡುತ್ತಿರುತ್ತದೆ. ಮರ ಚಿಮ್ಮಿದುದನ್ನು ಕಣ್ಣು ಕಾಣುವ ಮೊದಲೇ ಎಲ್ಲವೂ ಮುಗಿದಿರುತ್ತದೆ. ಇದಕ್ಕೆ ರಕ್ಷೆ, ಅಲಗಿನ ಬೆನ್ನಹಿಂದೆಯೇ ಕೆಲವು ಮಿಲಿಮೀಟರು ಅಂತರದಲ್ಲಿ ನಿಲ್ಲುವ ಬಾಗಿದ ಉಕ್ಕಿನ ಪಟ್ಟಿ. ‘ರೈವಿಂಗ್ ನೈಫ್’ ಎನ್ನುತ್ತಾರೆ. ಸೀಳು ಕೂಡಿಕೊಳ್ಳದಂತೆ ಅದು ತಡೆಯುತ್ತದೆ. ಅದರ ಮೇಲೆ ಅಲಗಿನ ಮುಚ್ಚಳ. ೧೯೯೯ರಲ್ಲಿ ಅಮೆರಿಕದ ಸ್ಟೀಫನ್ ಗ್ಯಾಸ್ ಎಂಬವರು, ಬೆರಳು ತಾಗಿದ ಕೂಡಲೇ ಅದನ್ನರಿತು ಸೆಕೆಂಡಿನ ಇನ್ನೂರರಲ್ಲೊಂದು ಭಾಗದಷ್ಟು ಹೊತ್ತಿನಲ್ಲಿ ಅಲಗನ್ನು ನಿಲ್ಲಿಸುವ ಉಪಾಯವನ್ನು ರೂಪಿಸಿದರು. ಆ ಭಾಗ್ಯ ಎಲ್ಲ ಯಂತ್ರಗಳಿಗೂ ಇಲ್ಲ. ಉಳಿದವಕ್ಕೆ ಈ ಪಟ್ಟಿ ಮತ್ತು ಮುಚ್ಚಳಗಳೇ ಗತಿ.

ಸ್ಪಿಂಡಲ್ಲಿನ ಅಪಾಯ ಇನ್ನೂ ಗೂಢವಾದುದು. ಕತ್ತಿಯ ತಲೆ ದೊಡ್ಡದಾದಷ್ಟೂ ಸುತ್ತು ಕಡಿಮೆಯಿರಬೇಕು. ೧೨೫ ಮಿಲಿಮೀಟರಿನ ತಲೆ ನಿಮಿಷಕ್ಕೆ ೬,೦೦೦ ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು ೪೦ ಮೀಟರು ಓಡುತ್ತದೆ, ಅದು ಕ್ಷೇಮ. ೨೦೦ ಮಿಲಿಮೀಟರಿನ ತಲೆಯನ್ನು ಮರೆತು ೧೦,೦೦೦ ಸುತ್ತಿಗೆ ಬಿಟ್ಟರೆ ಸೆಕೆಂಡಿಗೆ ೧೦೦ ಮೀಟರು ದಾಟುತ್ತದೆ. ಕತ್ತಿಯೇ ಕಳಚಿ ಹಾರಬಹುದು. ಆದುದರಿಂದ ವೇಗ ಬದಲಿಸುವ ಏರ್ಪಾಡು, ಯಾವ ವೇಗದಲ್ಲಿದೆಯೆಂದು ತೋರಿಸುವ ಗುರುತು ಇವೆರಡೂ ಇರಬೇಕು. ಕೈಯಿಂದ ನೂಕುವ ಕೆಲಸಕ್ಕೆ, ಯುರೋಪಿನ ನಿಯಮದಂತೆ ‘ಮ್ಯಾನ್’ ಎಂಬ ಗುರುತು ಕೊರೆದ ಕತ್ತಿಗಳನ್ನೇ ಬಳಸಬೇಕು. ಅವು ಒಂದು ಸಲಕ್ಕೆ ೧.೧ ಮಿಲಿಮೀಟರಿಗಿಂತ ದಪ್ಪ ಚಕ್ಕೆ ತೆಗೆಯದಂತೆ ರಚಿತವಾಗಿರುವುದರಿಂದ ಮರವನ್ನು ಎಳೆದುಕೊಳ್ಳುವುದು ಕಡಿಮೆ. ಉದ್ದನೆಯ ಪಟ್ಟಿಗಳಿಗೆ ಮರವನ್ನು ತಾನೇ ನಡೆಸುವ ‘ಪವರ್ ಫೀಡರ್’ ಇದ್ದರೆ ಕೈ ಕತ್ತಿಯ ಹತ್ತಿರ ಸುಳಿಯುವುದೇ ಇಲ್ಲ.

“ಇವೆಲ್ಲ ಯಂತ್ರದ ಜೊತೆ ಬಂದೇ ಬರುತ್ತವೆ ಅಪ್ಪಾ” ಎಂದನು ಮಗ.

“ಬರುತ್ತವೆ. ಅವಸರದ ದಿನ ನೀನು ಅವನ್ನು ಬಿಚ್ಚಿ ಮೂಲೆಗೆ ಎಸೆಯುತ್ತೀಯೆ. ನಾನು ಕೆಲಸ ಮಾಡುತ್ತಿದ್ದ ಮೇಜಿಗೂ ಪಟ್ಟಿ ಇತ್ತು ಮಗು. ಗೋಡೆಗೆ ನೇತುಹಾಕಿದ್ದರು.”

ಅವನು ಉತ್ತರ ಹೇಳಲಿಲ್ಲ.

ಉಳಿದ ಮಾತು ಬೇಗ ಮುಗಿಯಿತು. ಇಂಥ ಯಂತ್ರಕ್ಕೆ ತ್ರೀ ಫೇಸ್ ವಿದ್ಯುತ್ತು ಬೇಕು. ಅದಕ್ಕೆ ಬೆಸ್ಕಾಂನಲ್ಲಿ ಮೊದಲೇ ಅರ್ಜಿ ಹಾಕುವುದು. ಮರದ ಹುಡಿಯನ್ನು ಹೀರುವ ಚೀಲದ ಯಂತ್ರವನ್ನು ಅದೇ ದಿನ ಕೊಳ್ಳುವುದು. ಏಕೆಂದರೆ ಮರದ ಹುಡಿಯಿಂದ ಮನುಷ್ಯರಿಗೆ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ೧೯೯೫ರಲ್ಲೇ ಸಾರಿದೆ. ಅಂಗಡಿಗೆ ಹೋಗುವಾಗ ನಮ್ಮದೇ ಹಲಗೆಯನ್ನು ಒಯ್ಯುವುದು. ಅದರ ನಾಲ್ಕು ಬದಿಗಳನ್ನೂ, ಪ್ರತಿ ಸಲ ಆಗ ತಾನೇ ಕೊಯ್ದ ಬದಿಯನ್ನು ಗಾಡಿಯ ಅಡ್ಡಪಟ್ಟಿಗೆ ಆನಿಸಿ ಕೊಯ್ಯಿಸುವುದು. ಐದನೆಯ ಸಲ ಒಂದಂಗುಲದ ಪಟ್ಟಿಯನ್ನು ತೆಗೆಸಿ ಅದರ ಎರಡು ತುದಿಗಳ ಅಗಲ ಅಳೆಯುವುದು. ನಾಲ್ಕು ಮೂಲೆಗಳ ತಪ್ಪೂ ಕೂಡಿ ಅಲ್ಲಿ ಕಾಣಿಸುತ್ತದೆ. ವ್ಯತ್ಯಾಸವನ್ನು ನಾಲ್ಕರಿಂದ ಭಾಗಿಸಿದರೆ ಯಂತ್ರದ ನಿಜವಾದ ಓರೆ ಎಷ್ಟೆಂದು ತಿಳಿಯುತ್ತದೆ. ಮಾರುವವನ ಮಾತಿಗಿಂತ ಆ ಪಟ್ಟಿಯ ಸಾಕ್ಷ್ಯ ದೊಡ್ಡದು.

ಹಣದ ವಿಚಾರ ಬಂದಿತು. ೨೦೨೩ರ ಸೆಪ್ಟೆಂಬರ್ ೧೭ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳೂ ಸೇರಿದ್ದಾರೆ. ಶೇಕಡ ೫ರ ಬಡ್ಡಿಗೆ ಮೊದಲು ೧ ಲಕ್ಷ ರೂಪಾಯಿ, ಅದನ್ನು ತೀರಿಸಿದ ಮೇಲೆ ೨ ಲಕ್ಷದವರೆಗೆ ಸಾಲವೆಂಬುದು ಅದರ ಕ್ರಮ. ಮೊದಲ ಲಕ್ಷವನ್ನು ೧೮ ತಿಂಗಳಲ್ಲಿ ತೀರಿಸಬೇಕಾದರೆ ಅಸಲೇ ತಿಂಗಳಿಗೆ ಐದೂವರೆ ಸಾವಿರವಾಗುತ್ತದೆ. “ಕಂತು ಕಟ್ಟುವ ಆತುರದಲ್ಲಿ ರಾತ್ರಿಯೆಲ್ಲ ಕೊಯ್ಯಬೇಡ. ನಿದ್ದೆಗಣ್ಣಿನವನಿಗೆ ಯಂತ್ರ ಶತ್ರು” ಎಂದರು ಆಚಾರ್ಯರು. ಕೊನೆಗೆ ಅವರು ಹಾಕಿದ ಷರತ್ತು ಒಂದೇ: ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರು ಮರಗೆಲಸದ ಯಂತ್ರಗಳ ತರಬೇತಿ ಕೊಡುತ್ತಾರೆ; ಮಗನೂ, ಕೈಕೆಳಗಿನ ಹುಡುಗನೂ ಅಲ್ಲಿ ಕಲಿತ ಮೇಲೆಯೇ ಯಂತ್ರ ಮನೆಗೆ ಬರತಕ್ಕದ್ದು. ಮಗ ಒಪ್ಪಿದನು.

ಹೊರಡುವಾಗ ಬಾಗಿಲವರೆಗೆ ಬಂದ ಆಚಾರ್ಯರನ್ನು ಕೇಳಿದೆ: “ಅಷ್ಟು ಅವಸರ ಯಾವ ಕೆಲಸಕ್ಕಿತ್ತು, ಆ ದಿನ?”

“ಯಾರದೋ ಗೃಹಪ್ರವೇಶ ಸ್ವಾಮಿ. ಮುಹೂರ್ತ ಹತ್ತಿರ ಬಂದಿತ್ತು. ಅವರು ಬೆಳಿಗ್ಗೆ ಸಂಜೆ ಬಂದು ನಿಲ್ಲುತ್ತಿದ್ದರು.”

ಮನೆಗೆ ಬಂದೆ. ನಮ್ಮ ತೇಗದ ತಲೆಬಾಗಿಲನ್ನು ತೆರೆಯುವಾಗ, ಅದು ಮುಗಿಯುವ ವಾರದಲ್ಲಿ ನಾನೂ ಬೆಳಿಗ್ಗೆ ಸಂಜೆ ಅವರ ಮುಂದೆ ಹೋಗಿ ನಿಲ್ಲುತ್ತಿದ್ದುದು ನೆನಪಾಯಿತು. ಪಂಚಾಂಗವನ್ನು ಜೇಬಿನಲ್ಲಿಟ್ಟುಕೊಂಡು, “ಇನ್ನೂ ಆಗಲಿಲ್ಲವೇ ಆಚಾರ್ರೇ?” ಎಂದು ಗದರಿದವನು ನಾನೇ. ಅಂದು ಅವರು ಒಂಬತ್ತೂವರೆ ಬೆರಳಿನಿಂದಲೇ ಕೆಲಸ ಮಾಡುತ್ತಿದ್ದರು. ಒಂದು ಮಾತೂ ಮರಳಿ ಆಡಲಿಲ್ಲ.

ವಾಚಕರೇ, ಯಂತ್ರವನ್ನು ಆರಿಸುವವರು ಬಡಗಿಗಳು. ಅದು ಎಷ್ಟು ಅವಸರದಲ್ಲಿ ತಿರುಗಬೇಕೆಂದು ಗೊತ್ತುಮಾಡುವವರು ನಾವು. ಮುಂದಿನ ಸಲ ಕಪಾಟೋ ಬಾಗಿಲೋ ಮಾಡಿಸುವಾಗ ಬೆಲೆಯಲ್ಲಿ ಚೌಕಾಶಿ ಮಾಡಿದರೂ ಮಾಡಿರಿ, ದಿನಗಳಲ್ಲಿ ಮಾಡಬೇಡಿರಿ. ಮುಹೂರ್ತಕ್ಕೆ ಒಂದು ತಿಂಗಳು ಮೊದಲೇ ಹೇಳಿದರೆ ಆ ಉಕ್ಕಿನ ಪಟ್ಟಿ ಗೋಡೆಗೆ ನೇತಾಡದೆ ಅಲಗಿನ ಹಿಂದೆ ತನ್ನ ಸ್ಥಾನದಲ್ಲಿಯೇ ನಿಂತಿರುತ್ತದೆ.