ಆಟದ ಕಂಪ್ಯೂಟರೂ ಅಮ್ಮನ ಚೀಟಿಯ ಹಣವೂ

ಪಿ.ಯು.ಸಿ. ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳು ಬಂದರೆ ಕಂಪ್ಯೂಟರು ಕೊಡಿಸುವೆವೆಂದು ಮಕ್ಕಳಿಗೆ ಮಾತು ಕೊಡುವ ತಂದೆತಾಯಿಗಳು ಬೆಂಗಳೂರಿನಲ್ಲಿ ಕಡಿಮೆಯಿಲ್ಲ. ಅಂಕಗಳು ನಿಜವಾಗಿಯೂ ಬಂದುಬಿಟ್ಟರೆ ಮಾತ್ರ ಫಜೀತಿ. ಬಸವನಗುಡಿಯ ಒಂದು ಮನೆಯಲ್ಲಿ 2024ರ ಬೇಸಗೆಯಲ್ಲಿ ಹೀಗೆಯೇ ಆಯಿತು. ತಾಯಿ ಎರಡು ವರ್ಷ ಕಟ್ಟಿದ್ದ ಚೀಟಿಯ ಹಣ 60,000 ರೂಪಾಯಿ ಆಗತಾನೆ ಕೈಗೆ ಬಂದಿದ್ದಿತು. ಅಡಿಗೆಮನೆಗೆ ಹೊಸ ಕಪಾಟು ಮಾಡಿಸಬೇಕೆಂಬುದು ಆಕೆಯ ಬಹುದಿನದ ಆಸೆ. ಆದರೂ ಹಣವನ್ನು ಮಗನ ಮುಂದಿಟ್ಟು, "ಇದರ ಮೇಲೆ ಒಂದು ಕಾಸೂ ಕೇಳಬೇಡಪ್ಪ" ಎಂದಳು.

ಮಗನಿಗೆ ಬೇಕಾಗಿದ್ದುದು ಓದಿಗೂ ಆಟಕ್ಕೂ ಒದಗುವ ಯಂತ್ರ. ಎರಡರಲ್ಲಿ ಯಾವುದು ಮೊದಲೆಂಬುದನ್ನು ಯಾರೂ ಕೇಳಲಿಲ್ಲ.

ಇಂಥ ಯಂತ್ರವನ್ನು ಮಿತವಾದ ಹಣದಲ್ಲಿ ಕಟ್ಟುವವರು ಮೊದಲು ತಿಳಿಯಬೇಕಾದ ಸಂಗತಿ ಒಂದುಂಟು. ಪರದೆಯ ಮೇಲಿನ ಚಿತ್ರವನ್ನು ಸೆಕೆಂಡಿಗೆ ಅರುವತ್ತು ಬಾರಿಯೋ ಅದಕ್ಕೂ ಹೆಚ್ಚು ಬಾರಿಯೋ ಹೊಸದಾಗಿ ಬಿಡಿಸುವ ದುಡಿಮೆಯೆಲ್ಲ ಗ್ರಾಫಿಕ್ಸ್ ಕಾರ್ಡಿನದು. ಆದುದರಿಂದ ಹಣದ ದೊಡ್ಡ ಪಾಲು ಅದಕ್ಕೇ ಸಲ್ಲಬೇಕು. ಬಣ್ಣಬಣ್ಣದ ದೀಪಗಳು, ಗಾಜಿನ ಬಾಗಿಲು ಮೊದಲಾದುವು ಮದುವೆಮನೆಯ ಚಪ್ಪರದಂತೆ. ನೋಡಲು ಸೊಗಸು, ಊಟಕ್ಕೆ ಸಂಬಂಧವಿಲ್ಲ. ಹುಡುಗನು ಇದನ್ನು ಬಲ್ಲವನಾಗಿದ್ದನು. ಆರು ಕೋರುಗಳ ರೈಜೆನ್ 5 5600 ಪ್ರಾಸೆಸರು, ಅದಕ್ಕೆ ಹೊಂದುವ ಎಎಂ4 ಸಾಕೆಟ್ಟಿನ ಮದರ್‌ಬೋರ್ಡು, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮುಗಳು, 8 ಜಿಬಿಯ ರೇಡಿಯಾನ್ ಆರ್‌ಎಕ್ಸ್ 6600 ಕಾರ್ಡು, ಒಂದು ಎನ್‌ವಿಎಂಇ ಎಸ್‌ಎಸ್‌ಡಿ ಎಂದು ಪಟ್ಟಿ ಮಾಡಿದನು. ರ‍್ಯಾಮು 16 ಜಿಬಿಯ ಒಂದೇ ಪಟ್ಟಿಯಾಗಿರದೆ ಎರಡಾಗಿರುವುದು ಮೇಲು. ಆಗ ಪ್ರಾಸೆಸರಿಗೆ ಎರಡು ದಾರಿಗಳಿಂದ ಏಕಕಾಲದಲ್ಲಿ ದತ್ತಾಂಶ ಹರಿದುಬರುತ್ತದೆ.

ಪಟ್ಟಿಯ ಕೊನೆಯಲ್ಲಿ 550 ವಾಟಿನ ಒಳ್ಳೆಯ ಎಸ್‌ಎಂಪಿಎಸ್, ಅಂದರೆ ಗೋಡೆಯ 230 ವೋಲ್ಟಿನ ವಿದ್ಯುತ್ತನ್ನು ಯಂತ್ರಕ್ಕೆ ಬೇಕಾದ ಸಣ್ಣ ವೋಲ್ಟುಗಳಿಗೆ ಇಳಿಸುವ ಪೆಟ್ಟಿಗೆ, ಇದ್ದಿತು.

ತಂದೆ ಮಗ ಇಬ್ಬರೂ ಎಸ್.ಪಿ. ರಸ್ತೆಗೆ ಹೋದರು. ಟೌನ್ ಹಾಲಿಗೆ ಸಮೀಪದ ಈ ಸಾದರ ಪತ್ರಪ್ಪ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆದರೆ ಕಂಪ್ಯೂಟರಿನ ಯಾವ ಬಿಡಿಭಾಗವೂ ಸಿಕ್ಕದೆ ಹೋಗುವುದಿಲ್ಲ. ಮೂರು ಅಂಗಡಿಗಳ ದರ ಕೇಳಿ, ನಾಲ್ಕನೆಯದರಲ್ಲಿ ವ್ಯಾಪಾರ ಕುದುರಿತು. ಆಗ ಅಂಗಡಿಯಾತನು, "ಸಾರ್, ಈ ಕ್ಯಾಬಿನೆಟ್ ಜೊತೆ 450 ವಾಟ್ ಎಸ್‌ಎಂಪಿಎಸ್ ಫ್ರೀ ಬರುತ್ತೆ. ಬೇರೆ ಯಾಕೆ ತಗೋತೀರಿ? 4,000 ಉಳಿಯುತ್ತೆ" ಎಂದನು. ಮಗನು ಬೇಡವೆಂದು ತಲೆಯಾಡಿಸಿದನು. ತಂದೆ ಒಪ್ಪಲಿಲ್ಲ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ನೋಡಿದವರು. 4,000 ರೂಪಾಯಿ ಕಣ್ಣೆದುರಿಗೆ ಉಳಿಯುತ್ತಿರುವಾಗ ಬಿಡುವುದು ಅವರ ಸ್ವಭಾವಕ್ಕೆ ಸಾಧ್ಯವಿರಲಿಲ್ಲ. "ಕರೆಂಟು ಕೊಡೋ ಡಬ್ಬ ತಾನೇ? ಯಾವುದಾದರೇನು?" ಎಂದರು.

ಭಾನುವಾರ ಮನೆಯ ಹಾಲಿನಲ್ಲಿ ಜೋಡಣೆ ನಡೆಯಿತು. ಸಂಜೆ ಗುಂಡಿಯೊತ್ತಿದರೆ ಫ್ಯಾನುಗಳು ತಿರುಗಿದುವು, ಪರದೆ ಮಾತ್ರ ಕಪ್ಪು. 60,000 ರೂಪಾಯಿ ಮಣ್ಣುಪಾಲಾಯಿತೆಂದು ಮನೆಯವರೆಲ್ಲ ಮೌನವಾದರು. ಹೊಸಬರ ಯಂತ್ರಗಳಲ್ಲಿ ಹತ್ತಕ್ಕೆ ಒಂಬತ್ತು ಸಲ ಇಂಥ ಕತ್ತಲೆಯ ಕಾರಣ ಕ್ಷುಲ್ಲಕವಾದುದೇ ಆಗಿರುತ್ತದೆ. ಇಲ್ಲಿ ಎರಡು ಕಾರಣಗಳಿದ್ದುವು. ಪರದೆಯ ತಂತಿಯನ್ನು ಹುಡುಗನು ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿದ್ದನು. ರೈಜೆನ್ 5 5600ರಲ್ಲಿ ಚಿತ್ರ ಬಿಡಿಸುವ ಅಂಗವೇ ಇಲ್ಲ. ಹೆಸರಿನ ಕೊನೆಗೆ 'ಜಿ' ಇರುವ 5600ಜಿಯಲ್ಲಿ ಅದುಂಟು. ಇಂಟೆಲ್‌ನವರಲ್ಲಿ ಹೆಸರಿನ ಕೊನೆಗೆ 'ಎಫ್' ಬಂದರೆ ಇಲ್ಲವೆಂದು ಅರ್ಥ. ಇಂಥ ಪ್ರಾಸೆಸರುಗಳಿದ್ದಲ್ಲಿ ತಂತಿ ಗ್ರಾಫಿಕ್ಸ್ ಕಾರ್ಡಿಗೇ ಹೋಗಬೇಕು. ತಂತಿಯನ್ನು ಬದಲಿಸಿದ ಮೇಲೂ ಬೆಳಕು ಬರಲಿಲ್ಲ. ಮದರ್‌ಬೋರ್ಡಿನ ಅಂಚಿನಲ್ಲಿ 'ಡಿರ‍್ಯಾಮ್' ಎಂಬ ಅಕ್ಷರಗಳ ಪಕ್ಕದಲ್ಲಿ ಕಾಳಿನಷ್ಟು ಸಣ್ಣ ದೀಪವೊಂದು ಉರಿಯುತ್ತಿರುವುದನ್ನು ಕಂಡವಳು ತಂಗಿ. ರ‍್ಯಾಮನ್ನು ಹೊರಗೆ ತೆಗೆದು, ಪ್ರಾಸೆಸರಿನ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸಂದುಗಳಲ್ಲಿ 'ಟಕ್' ಎನ್ನುವವರೆಗೂ ಅದುಮಿ ಕೂರಿಸಿದ ಮೇಲೆ ಪರದೆ ಬೆಳಗಿತು. ಅಂದು ರಾತ್ರಿ ಮನೆಯಲ್ಲಿ ಕೇಸರಿಭಾತು.

ನಿಜವಾದ ತೊಂದರೆ ತಲೆಯೆತ್ತಿದ್ದು ಹದಿನೈದು ದಿನಗಳ ಮೇಲೆ. ಆಟದ ನಡುವೆ ಯಂತ್ರ ದೀಪ ಆರಿದಂತೆ ಫಕ್ಕನೆ ನಿಂತುಬಿಡುವುದು. ಮತ್ತೆ ತಾನೇ ಎದ್ದು ಕೂರುವುದು. ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಕ್ಕೆರಡು ಬಾರಿ. ತಂದೆಯ ತೀರ್ಪು ಸಿದ್ಧವಾಗಿಯೇ ಇದ್ದಿತು. "ಹಗಲೂ ರಾತ್ರಿ ಆಡಿದರೆ ಯಾವ ಯಂತ್ರ ತಡೆದೀತು? ಅಮ್ಮನ ಹಣ ಹಾಳುಮಾಡಿದೆ" ಎಂದರು. ಮಗನು ಎದುರಾಡಲಿಲ್ಲ. ಒಂದು ತಿಂಗಳು ಮನೆಯಲ್ಲಿ ಇದೇ ಮಾತು; ಹುಡುಗನು ಊಟದ ಹೊತ್ತಿಗೆ ತಲೆ ತಗ್ಗಿಸಿ ಉಂಡು ಏಳುತ್ತಿದ್ದನು.

ಅವನು ಸುಮ್ಮನೆ ಕುಳಿತಿರಲಿಲ್ಲ. ಶಾಖ ಹೆಚ್ಚಾಯಿತೋ ಎಂದು ಅಳೆದು ನೋಡಿದನು. ಪ್ರಾಸೆಸರು 70 ಡಿಗ್ರಿಯ ಆಚೀಚೆ ಇದ್ದಿತು. ಅದು 90ರವರೆಗೆ ತಾಳಬಲ್ಲುದು. ರ‍್ಯಾಮುಗಳನ್ನು ಒಂದೊಂದಾಗಿ ಪರೀಕ್ಷಿಸಿದನು, ದೋಷ ಕಾಣಲಿಲ್ಲ. ವಿಂಡೋಸಿನ ದಿನಚರಿಯಲ್ಲಿ ಪ್ರತಿ ಸಲವೂ 'ಕರ್ನಲ್ ಪವರ್ 41' ಎಂದಷ್ಟೇ ಬರೆದಿದ್ದಿತು. ಯಂತ್ರವು ಹೇಳದೆ ಕೇಳದೆ ನಿಂತುಹೋಯಿತೆಂಬುದೇ ಅದರ ಅರ್ಥ. ಏತಕ್ಕೆಂದು ಅದು ಹೇಳುವುದಿಲ್ಲ.

ಸುಳಿವು ಹಿಡಿದವಳು ತಾಯಿ. "ನೀನು ಪಾಠ ಕೇಳುವಾಗ ನಿಲ್ಲೋದಿಲ್ಲ, ಸಿನಿಮಾ ನೋಡುವಾಗ ನಿಲ್ಲೋದಿಲ್ಲ. ಆಟ ಆಡುವಾಗಲೇ ನಿಲ್ಲುತ್ತೆ. ಮಿಕ್ಸಿ ಹಾಕಿದಾಗ ಮಾತ್ರ ಹಾಲಿನ ದೀಪ ಮಂಕಾಗುತ್ತಲ್ಲ, ಹಾಗೇನೋ?" ಎಂದು ಒಗ್ಗರಣೆ ಹಾಕುತ್ತಲೇ ಕೇಳಿದಳು.

ಹುಡುಗನು ಕ್ಯಾಬಿನೆಟ್ಟಿನ ಬಾಗಿಲು ತೆಗೆದು ಎಸ್‌ಎಂಪಿಎಸ್ಸಿನ ಮೈಮೇಲಿನ ಚೀಟಿಯನ್ನು ಓದಿದನು. ಮೇಲೆ ದಪ್ಪಕ್ಷರದಲ್ಲಿ 450 ಎಂದಿದ್ದರೂ ಕೆಳಗಿನ ಕೋಷ್ಟಕದಲ್ಲಿ 12 ವೋಲ್ಟಿನ ಸಾಲಿನಲ್ಲಿ 16 ಆಂಪಿಯರ್ ಎಂದು ಸಣ್ಣಕ್ಷರದಲ್ಲಿದ್ದಿತು. ಪ್ರಾಸೆಸರೂ ಗ್ರಾಫಿಕ್ಸ್ ಕಾರ್ಡೂ ಹೆಚ್ಚುಕಡಿಮೆ ಪೂರ್ತಿಯಾಗಿ ಈ 12 ವೋಲ್ಟಿನ ಸಾಲಿನಿಂದಲೇ ಕುಡಿಯುತ್ತವೆ. ಹನ್ನೆರಡನ್ನು ಹದಿನಾರರಿಂದ ಗುಣಿಸಿದರೆ 192 ವಾಟು. ಕಾರ್ಡೊಂದಕ್ಕೇ 132 ವಾಟು ಬೇಕು. ಪ್ರಾಸೆಸರು ದುಡಿಯುವಾಗ 76ರವರೆಗೆ ಎಳೆಯಬಲ್ಲುದು. ಒಟ್ಟು 208. ಕಾರ್ಡು ಕ್ಷಣಮಾತ್ರ ಇನ್ನೂ ಹೆಚ್ಚು ಎಳೆಯುವುದುಂಟು, ಅದು ಬೇರೆ. ಉಳಿದ ವಾಟುಗಳೆಲ್ಲ ಈ ಕೆಲಸಕ್ಕೆ ಬಾರದ 5 ಮತ್ತು 3.3 ವೋಲ್ಟಿನ ಸಾಲುಗಳವು. ಅಂಗಡಿಯಲ್ಲಿಯೇ ಇನ್ನೊಂದು ಗುರುತು ಕಂಡಿದ್ದಿತು: ಕಾರ್ಡಿಗೆ ಬೇಕಾದ ಎಂಟು ಪಿನ್ನಿನ ತಂತಿ ಆ ಪೆಟ್ಟಿಗೆಯಲ್ಲಿರಲಿಲ್ಲ, ನಾಲ್ಕು ಪಿನ್ನಿನ ಎರಡು ತಂತಿಗಳನ್ನು ಕೂಡಿಸುವ ಕನ್ವರ್ಟರೊಂದನ್ನು ಕೊಟ್ಟಿದ್ದರು. ಆ ತಂತಿಯೇ ಇಲ್ಲದ ಎಸ್‌ಎಂಪಿಎಸ್ ಇಂಥ ಕಾರ್ಡನ್ನು ಹೊರಲು ಹುಟ್ಟಿದುದಲ್ಲ. '80 ಪ್ಲಸ್' ಎಂಬ ಮುದ್ರೆಯಿದ್ದರೆ ಸಾಕೆಂದು ನಂಬುವವರೂ ಇದ್ದಾರೆ. ಅದು ವಿದ್ಯುತ್ತು ಎಷ್ಟು ಪೋಲಾಗುವುದೆಂಬುದನ್ನಷ್ಟೇ ಅಳೆಯುತ್ತದೆ. ಕಟ್ಟಡದ ಗಟ್ಟಿತನಕ್ಕೆ ಜಾಮೀನು ನಿಲ್ಲುವುದಿಲ್ಲ.

ಖಾತರಿಗಾಗಿ ಹುಡುಗನು ಗೆಳೆಯನ 550 ವಾಟಿನ ಎಸ್‌ಎಂಪಿಎಸ್ಸನ್ನು ಒಂದು ದಿನಕ್ಕೆ ಎರವಲು ತಂದನು. ಹೀಗೆ ಬದಲಿಸುವವರು ತಂತಿಗಳನ್ನೂ ಅದರ ಜೊತೆಗೇ ತರಬೇಕು. ಬಿಚ್ಚಿ ಜೋಡಿಸುವ ತಂತಿಗಳ ಪಿನ್ನುಗಳ ಕ್ರಮ ಒಬ್ಬ ತಯಾರಕನಿಂದ ಇನ್ನೊಬ್ಬನಿಗೆ ಬೇರೆ. ಹಳೆಯ ತಂತಿಗೆ ಹೊಸ ಪೆಟ್ಟಿಗೆ ಹಾಕಿ ಎಸ್‌ಎಸ್‌ಡಿ ಸುಟ್ಟುಕೊಂಡವರುಂಟು. ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಯಾರೂ ಬಿಚ್ಚಬಾರದು. ಪ್ಲಗ್ಗು ತೆಗೆದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಪ್ರಾಣಾಪಾಯದಷ್ಟು ವಿದ್ಯುತ್ತು ಉಳಿದಿರುತ್ತದೆ.

ನಾಲ್ಕು ಗಂಟೆಗಳ ಕಾಲ ಆಟ ನಡೆಯಿತು. ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ತಂದೆ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು, ಒಳಗೆ ಹೋದರು.

ಈಗ ಇಂಥ ಯಂತ್ರ ಕಟ್ಟುವವರಿಗೆ ಆ ಮನೆಯ ಲೆಕ್ಕ ಹೊಂದಲಾರದು. ಕೃತಕ ಬುದ್ಧಿಮತ್ತೆಯ ಯಂತ್ರಾಗಾರಗಳು ಮೆಮೊರಿ ಚಿಪ್ಪುಗಳನ್ನು ಸೆಳೆದುಕೊಂಡುದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮಿನ ಬೆಲೆ ವಿಪರೀತವಾಗಿ ಏರಿತು. ಹಳೆಯ ಕಚೇರಿ ಯಂತ್ರ ಕೊಂಡು ಕಾರ್ಡು ಸೇರಿಸುವ ದಾರಿಯೂ ಒಂದುಂಟು. ಆದರೆ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ಮುಗಿಯಿತು, ವಿಂಡೋಸ್ 11 ಬೇಕೆಂದರೆ ಇಂಟೆಲ್‌ನ ಎಂಟನೆಯ ಪೀಳಿಗೆ ಅಥವಾ ಅನಂತರದ ಪ್ರಾಸೆಸರೇ ಆಗಬೇಕು. ಯಾವ ದಾರಿ ಹಿಡಿದರೂ ಉಳಿತಾಯವನ್ನು ದೀಪಗಳಲ್ಲಿ, ಕ್ಯಾಬಿನೆಟ್ಟಿನಲ್ಲಿ ಮಾಡಬಹುದು.

ಮರುದಿನ ಸಂಜೆ ತಂದೆ ಎಂದಿಗಿಂತ ಎರಡು ಗಂಟೆ ತಡವಾಗಿ ಮನೆಗೆ ಬಂದರು. ಕೈಯಲ್ಲಿ ಎಸ್.ಪಿ. ರಸ್ತೆಯ ಅಂಗಡಿಯ ಚೀಲ. ಮಗನ ಮೇಜಿನ ಮೇಲೆ ಅದನ್ನಿಟ್ಟು, "12 ವೋಲ್ಟಿನ ಸಾಲಿನಲ್ಲಿ 45 ಆಂಪಿಯರ್ ಇದೆ. ಚೀಟಿ ಓದಿಯೇ ತಂದೆ" ಎಂದರು. ಸ್ವಲ್ಪ ತಡೆದು, "ಅವತ್ತು ನೀನು ಬೇಡ ಅಂದಿದ್ದೆ" ಎಂದು ಸೇರಿಸಿದರು.

ಬಿಲ್ಲು ಎಷ್ಟಾಯಿತೆಂದು ತಾಯಿ ಕೇಳಲಿಲ್ಲ. ಅಡಿಗೆಮನೆಯ ಗೋಡೆಯನ್ನು ಅಳೆಯಲು ಬಡಗಿ ಭಾನುವಾರ ಬರುತ್ತಾನೆಂದು ಮಾತ್ರ ಹೇಳಿದಳು.