ಮರಳಿ ಬರುವವರಿಗೆ ಮರಳು ಉಳಿದೀತೆ?

ಕೆರಿಬಿಯನ್ ಸಮುದ್ರದ ಜಮೈಕಾ ದ್ವೀಪದ ಪಶ್ಚಿಮ ತುದಿಯಲ್ಲಿ ನೆಗ್ರಿಲ್ ಎಂಬ ಊರಿದೆ. ಏಳು ಮೈಲಿಯ ಕಡಲತೀರವೆಂದೇ ಹೆಸರಾದ ಅಲ್ಲಿನ ಬಿಳಿ ಮರಳಿನ ಅಂಚಿನಲ್ಲಿ ದೊಡ್ಡ ರೆಸಾರ್ಟುಗಳ ನಡುವೆ ಕೆಲವೇ ಕೋಣೆಗಳ ಪುಟ್ಟ ಹೋಟೆಲುಗಳೂ ಇವೆ. ಒಮ್ಮೆ ಬಂದ ಪ್ರವಾಸಿ ಮತ್ತೆ ಮತ್ತೆ ಅದೇ ಹೋಟೆಲಿಗೆ ಬರುವುದುಂಟು. ಹೀಗೆ ಮರಳಿ ಬಂದವರ ಕಣ್ಣಿಗೆ ಒಂದು ಸಂಗತಿ ಬೀಳದೆ ಇರದು: ಕಡಲು ಹತ್ತಿರವಾಗಿದೆ, ಹೋಟೆಲಿನ ಮುಂದಿನ ಮರಳು ಕಿರಿದಾಗಿದೆ.

ಇದು ಬರಿಯ ಭ್ರಮೆಯಲ್ಲ. ನೆಗ್ರಿಲ್ ತೀರವು ನಾಲ್ಕು ದಶಕಗಳಿಂದ ವರ್ಷಕ್ಕೆ ಸರಾಸರಿ ಅರ್ಧದಿಂದ ಒಂದು ಮೀಟರಿನಷ್ಟು ಸವೆಯುತ್ತಿದೆ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2010ರಲ್ಲಿ ವರದಿ ನೀಡಿತು.

ಆ ಮರಳು ಬಂದುದಾದರೂ ಎಲ್ಲಿಂದ? ಸುಣ್ಣದ ಕವಚವುಳ್ಳ ಪಾಚಿ, ಚಿಪ್ಪು, ಹವಳದ ಚೂರು, ಹವಳವನ್ನು ಕೊರೆದು ತಿನ್ನುವ ಗಿಳಿಮೀನಿನ ವಿಸರ್ಜನೆ, ಇವೆಲ್ಲ ಸೇರಿ ಮರಳಾಗುತ್ತವೆ. ಕಡಲ ಹುಲ್ಲು ಅದನ್ನು ಹಿಡಿದಿಡುತ್ತದೆ. ಹವಳದ ದಿಬ್ಬವು ಅಲೆಯ ರಭಸವನ್ನು ಮುರಿಯುತ್ತದೆ. ಆದರೆ ಅತಿಯಾದ ಮೀನುಗಾರಿಕೆ, 1980ರ ಅಲೆನ್ ಚಂಡಮಾರುತ ಹಾಗೂ 1983ರಲ್ಲಿ ಕಡಲ ಮುಳ್ಳುಚೆಂಡುಗಳನ್ನು ಕೊಂದ ರೋಗದಿಂದಾಗಿ, 1970ರ ದಶಕದ ಕೊನೆಯಲ್ಲಿ ಶೇ. 50ರಷ್ಟಿದ್ದ ಜಮೈಕಾದ ಜೀವಂತ ಹವಳದ ಹೊದಿಕೆಯು 1990ರ ದಶಕದ ಆರಂಭಕ್ಕೆ ಶೇ. 5ಕ್ಕಿಂತ ಕೆಳಗಿಳಿಯಿತು.

ತೀರದ ಬೆನ್ನಿಗೇ ಗ್ರೇಟ್ ಮೊರಾಸ್ ಎಂಬ ವಿಶಾಲ ಜೌಗು ಇದೆ. ಗುಡ್ಡದಿಂದ ಇಳಿದ ನೀರನ್ನು ಸೋಸಿ ಕಡಲಿಗೆ ಬಿಡುವುದು ಅದರ ಕೆಲಸ. 1950ರ ದಶಕದಲ್ಲಿ ಅಭಿವೃದ್ಧಿಯ ಹೆಸರಿನಲ್ಲಿ ಕಾಲುವೆ ತೋಡಿ ಅದನ್ನು ಬಸಿಯಲಾಯಿತು. ಜೌಗು ಸೋಸದೆ ಬಿಟ್ಟ ಕೊಳೆ ಹವಳಕ್ಕೇ ತಗಲುತ್ತದೆ. ಹೀಗೆ ಬೆಟ್ಟ, ಜೌಗು, ಹವಳ, ಮರಳು ಒಂದೇ ಸರಪಳಿ.

ಮುಂದೆ ಸರ್ಕಾರವು ಕಡಲಿನಲ್ಲಿ ಕಲ್ಲಿನ ತಡೆಗೋಡೆ ಕಟ್ಟಲು ಹೊರಟಿತು. ಸ್ಥಳೀಯ ಹೋಟೆಲಿನವರೇ ವಿರೋಧಿಸಿದುದರಿಂದ ಯೋಜನೆ ನಿಂತಿತು. ಆ ವಿರೋಧ ನ್ಯಾಯವಾದುದೇ. ಆದರೆ ಮರಳಿನ ಮೇಲೆಯೇ ಕಟ್ಟಡ ಎಬ್ಬಿಸಿದವರು ತಮ್ಮ ಪಾಲಿನ ತಪ್ಪನ್ನೂ ಒಪ್ಪಬೇಕಲ್ಲವೆ? ಹೋಟೆಲು ಪುಟ್ಟದೆಂಬ ಕಾರಣಕ್ಕೆ ಅದರ ಕೊಳೆನೀರು ಶುದ್ಧವಾಗುವುದಿಲ್ಲ.

ಇನ್ನೊಂದು ಪ್ರಶ್ನೆ ಹಕ್ಕಿನದು. ವಸಾಹತು ಕಾಲದ 1956ರ ಕಡಲತೀರ ನಿಯಂತ್ರಣ ಕಾಯಿದೆಯು ಜಮೈಕಾದ ಜನರಿಗೆ ತಮ್ಮದೇ ತೀರದಲ್ಲಿ ಸ್ನಾನಕ್ಕಿಳಿಯುವ ಸಾಮಾನ್ಯ ಹಕ್ಕನ್ನು ಕೊಟ್ಟಿಲ್ಲ. ಹಣ ತೆತ್ತ ಪ್ರವಾಸಿ ಮರಳಿ ಬರಬಹುದು. ಅಲ್ಲಿಯೇ ಹುಟ್ಟಿದ ಬೆಸ್ತನ ಮಗ ಬೇಲಿಯ ಹೊರಗೆ ನಿಲ್ಲಬೇಕಾದೀತು. ಇದಕ್ಕಾಗಿಯೇ ಅಲ್ಲಿನ ಜನ ನ್ಯಾಯಾಲಯದ ಮೆಟ್ಟಿಲೇರಿದ್ದಾರೆ.

2025ರ ಅಕ್ಟೋಬರ್ 28ರಂದು ಮೆಲಿಸಾ ಚಂಡಮಾರುತವು ನೆಗ್ರಿಲ್ ಇರುವ ವೆಸ್ಟ್‌ಮೋರ್‌ಲ್ಯಾಂಡ್ ಪ್ರಾಂತದಲ್ಲಿಯೇ ದಡಕ್ಕಪ್ಪಳಿಸಿತು. ಇಂತಹ ಪೆಟ್ಟಿನ ನಂತರ ಪ್ರವಾಸಿಗರನ್ನು ಮತ್ತೆ ಕರೆಯುವ ಆತುರ ಸಹಜ. ದುಡಿಯುವವರ ಒಲೆ ಉರಿಯಬೇಕು. ಆದರೆ ಮೊದಲು ಮರಳಿ ಬರಬೇಕಾದುದು ಜೌಗಿಗೆ ನೀರು, ಕಡಲಿಗೆ ಗಿಳಿಮೀನು, ದಡಕ್ಕೆ ಊರಿನ ಜನ. ಪುಟ್ಟ ಹೋಟೆಲು ಮರಳಿನಿಂದ ಹಿಂದೆ ಸರಿದು, ತನ್ನ ಕೊಳೆಯನ್ನು ತಾನೇ ಸಂಸ್ಕರಿಸಿ, ಬೇಲಿಯಿಲ್ಲದೆ ನಿಲ್ಲಲಿ. ಅತಿಥಿಯೂ ಕೋಣೆ ಹಿಡಿಯುವ ಮುನ್ನ ಈ ಮೂರನ್ನು ಕೇಳಲಿ. ಹಾಗಾಗದಿದ್ದರೆ ಮುಂದಿನ ಬಾರಿ ಅವನನ್ನು ಸ್ವಾಗತಿಸುವುದು ಬರಿಯ ಅಲೆಯೇ.