ಮಾರಿದ ಮನೆಗೆ ಬಾಡಿಗೆ ಕಟ್ಟುವ ಸರ್ಕಾರ

ಇಂಗ್ಲೆಂಡಿನ ಕೆಲವು ನಗರಾಡಳಿತಗಳು, ಅಂದರೆ ಕೌನ್ಸಿಲ್‌ಗಳು, ಈಗ ನಡೆಸುತ್ತಿರುವ ವ್ಯವಹಾರ ನೋಡಿ. ಹಿಂದೆ ತಾವೇ ಕಟ್ಟಿಸಿ, ಅರ್ಧ ಬೆಲೆಗೆ ಮಾರಿದ ಮನೆಗಳನ್ನು ಇಂದಿನ ಮಾಲೀಕರಿಂದ ದುಬಾರಿ ಬಾಡಿಗೆಗೆ ಹಿಡಿದು, ಸೂರಿಲ್ಲದ ಕುಟುಂಬಗಳನ್ನು ಅಲ್ಲಿ ಇರಿಸುತ್ತಿವೆ. ನಮ್ಮ ಹಳೆಯ ಶಾನುಭೋಗರು ಯಾರೂ ಇಂಥ ಲೆಕ್ಕಕ್ಕೆ ರುಜು ಹಾಕುತ್ತಿರಲಿಲ್ಲ.

ಇದಕ್ಕೆಲ್ಲ ಮೂಲ 1980ರ ವಸತಿ ಕಾಯ್ದೆ. ಆಗ ಬ್ರಿಟನ್ನಿನ ಸುಮಾರು ಮೂರನೇ ಒಂದರಷ್ಟು ಕುಟುಂಬಗಳು ಕೌನ್ಸಿಲ್ ಮನೆಗಳ ಬಾಡಿಗೆದಾರರು. ಮಾರ್ಗರೆಟ್ ಥ್ಯಾಚರ್ ಸರ್ಕಾರ ಅವರಿಗೆ ‘ರೈಟ್ ಟು ಬೈ’, ಅಂದರೆ ಇರುವ ಮನೆಯನ್ನೇ ಕೊಳ್ಳುವ ಹಕ್ಕು ಕೊಟ್ಟಿತು. 3 ವರ್ಷ ಬಾಡಿಗೆ ಕಟ್ಟಿದವರಿಗೆ ಶೇ 33 ರಿಯಾಯಿತಿ, 20 ವರ್ಷ ಕಟ್ಟಿದವರಿಗೆ ಶೇ 50. ಮುಂದೆ ಫ್ಲ್ಯಾಟ್‌ಗಳಿಗೆ ಅದು ಶೇ 70ರವರೆಗೂ ಏರಿತು.

ಕೊಂಡವರನ್ನು ಹಂಗಿಸುವುದು ಬೇಡ. ಬಾಗಿಲಿಗೆ ಬಣ್ಣ ಬಳಿಯಲೂ ಕೌನ್ಸಿಲ್ ಕಡೆ ನೋಡಬೇಕಿದ್ದ ಕಾರ್ಖಾನೆ ಕೆಲಸಗಾರನಿಗೆ ಮಕ್ಕಳಿಗೆ ಬಿಟ್ಟುಹೋಗಲು ಮೊದಲ ಬಾರಿಗೆ ಆಸ್ತಿ ಎಂಬುದೊಂದು ಸಿಕ್ಕಿತು. ಆ ಲಾಭ ನಿಜವಾದದ್ದೇ. ಆದರೆ ಅದು ಆ ಹೊತ್ತಿಗೆ ಒಳಗಿದ್ದವರಿಗಷ್ಟೇ ಸಿಕ್ಕಿತು. ಹೊರಗೆ ಸರದಿಯಲ್ಲಿ ನಿಂತಿದ್ದವರ ಪಾಲಿನ ಮನೆಯೂ ಅದರ ಜೊತೆಗೇ ಕ್ರಯವಾಗಿಹೋಯಿತು.

ಹಾಗಾದರೆ ಮಾರಿದ ದುಡ್ಡಿನಲ್ಲಿ ಹೊಸ ಮನೆ ಕಟ್ಟಬಹುದಿತ್ತಲ್ಲ? ಇಲ್ಲೇ ಇರುವುದು ಕಿತಾಪತಿ. ಬಂದ ಹಣವನ್ನು ಮನಸ್ಸಿಗೆ ಬಂದಂತೆ ಖರ್ಚು ಮಾಡುವ ಸ್ವಾತಂತ್ರ್ಯ ಕೌನ್ಸಿಲ್‌ಗಳಿಗೆ ಇರಲಿಲ್ಲ. 1990ರ ಹೊತ್ತಿಗಂತೂ ಮನೆ ಮಾರಾಟದ ಹಣದಲ್ಲಿ ಮುಕ್ಕಾಲು ಪಾಲು ಹಳೆಯ ಸಾಲ ತೀರಿಸಲು ಎತ್ತಿಡಬೇಕೆಂಬ ನಿಯಮ ಬಂತು. 1970ರ ದಶಕದಲ್ಲಿ ವರ್ಷಕ್ಕೆ ಲಕ್ಷದ ಆಸುಪಾಸಿನಲ್ಲಿ ಮನೆ ಕಟ್ಟುತ್ತಿದ್ದ ಕೌನ್ಸಿಲ್‌ಗಳು ಆ ಶತಮಾನದ ಕೊನೆಗೆ ಕೆಲವು ನೂರಕ್ಕೆ ಇಳಿದವು. ಇಂಗ್ಲೆಂಡೊಂದರಲ್ಲೇ ಮಾರಾಟವಾದದ್ದು ಹತ್ತಿರ ಹತ್ತಿರ 20 ಲಕ್ಷ ಮನೆ. ನನ್ನನ್ನು ಕೇಳಿದರೆ, ಕೆಡಿಸಿದ್ದು ಮಾರಾಟವಲ್ಲ, ಖಜಾನೆಯ ಈ ಬೀಗ.

ಮೊದಲು ಬಿಕರಿಯಾದದ್ದು ಹಿತ್ತಲು, ಕೈತೋಟ ಇದ್ದ ಗಟ್ಟಿಮುಟ್ಟಾದ ಮನೆಗಳು. ಕೌನ್ಸಿಲ್ ಪಾಲಿಗೆ ಉಳಿದದ್ದು ಬಹುಮಹಡಿ ಕಟ್ಟಡಗಳ ಫ್ಲ್ಯಾಟ್‌ಗಳು ಮತ್ತು ಕೊಳ್ಳುವ ಚೈತನ್ಯವಿಲ್ಲದ ಬಡವರು. ಫ್ಲ್ಯಾಟ್ ಕೊಂಡವರೂ ಎಲ್ಲರೂ ಸುಖಪಟ್ಟರೆಂದಲ್ಲ. ಕಟ್ಟಡದ ಚಾವಣಿ, ಲಿಫ್ಟ್ ದುರಸ್ತಿಗೆ ಸಾವಿರಾರು ಪೌಂಡ್ ಬಿಲ್ ಬಂದಾಗ ಕೆಲವರು ಕಂಗಾಲಾದರು. ಇನ್ನು ಕೆಲವರು ಮಾರಿದರು. ಕೊಂಡ ಐದು ವರ್ಷದೊಳಗೆ ಮಾರಿದರೆ ರಿಯಾಯಿತಿಯಲ್ಲಿ ಒಂದು ಪಾಲು ವಾಪಸ್ ಕಟ್ಟಬೇಕೆಂಬ ಷರತ್ತೇನೋ ಇತ್ತು. (ನಮ್ಮ ಬಿಡಿಎ ನಿವೇಶನಗಳಿಗೂ ಹತ್ತು ವರ್ಷ ಪರಭಾರೆ ಮಾಡಬಾರದೆಂಬ ಕರಾರಿತ್ತು, ಅವು ಜಿಪಿಎ ಮೇಲೆ ಹೇಗೆ ಕೈಬದಲಾದವು ಎಂದು ಓದುಗರಿಗೆ ನಾನು ಹೇಳಬೇಕಿಲ್ಲ.) ಲಂಡನ್ನಿನಲ್ಲಿ ಹೀಗೆ ಮಾರಿದ ಫ್ಲ್ಯಾಟ್‌ಗಳಲ್ಲಿ ಹತ್ತರಲ್ಲಿ ಸುಮಾರು ನಾಲ್ಕು ಈಗ ಖಾಸಗಿ ಮಾಲೀಕರ ಬಾಡಿಗೆ ಸರಕು. ಅಲ್ಲಿರುವ ಬಡ ಬಾಡಿಗೆದಾರರ ಪರವಾಗಿ ಸರ್ಕಾರ ಭರಿಸುವ ವಸತಿ ಭತ್ಯೆ ಕೊನೆಗೆ ಸೇರುವುದು ಆ ಮಾಲೀಕರ ಜೇಬನ್ನೇ.

ಇಂಗ್ಲೆಂಡಿನಲ್ಲಿ ಕೌನ್ಸಿಲ್ ಮನೆಗಾಗಿ ಕಾಯುತ್ತಿರುವ ಕುಟುಂಬಗಳು ಈಗ 13 ಲಕ್ಷದಷ್ಟು. ತಾತ್ಕಾಲಿಕ ವಸತಿಯಲ್ಲಿ ದಿನ ದೂಡುತ್ತಿರುವವು 1 ಲಕ್ಷ 20 ಸಾವಿರಕ್ಕೂ ಹೆಚ್ಚು.

ಸ್ಕಾಟ್ಲೆಂಡ್ 2016ರಲ್ಲಿ ಈ ಹಕ್ಕನ್ನು ರದ್ದು ಮಾಡಿತು, ವೇಲ್ಸ್ 2019ರಲ್ಲಿ. ಇಂಗ್ಲೆಂಡ್ ಇನ್ನೂ ಪೂರ್ತಿ ಕೈಬಿಟ್ಟಿಲ್ಲ. 2024ರ ನವೆಂಬರ್‌ನಲ್ಲಿ ಲಕ್ಷ ಪೌಂಡ್ ದಾಟಿದ್ದ ಗರಿಷ್ಠ ರಿಯಾಯಿತಿಯನ್ನು ಪ್ರದೇಶಕ್ಕೆ ತಕ್ಕಂತೆ 16,000ದಿಂದ 38,000 ಪೌಂಡ್‌ಗೆ ಇಳಿಸಿ, ಮಾರಿದ ಹಣವನ್ನು ಪೂರ್ತಿ ಕೌನ್ಸಿಲ್‌ಗಳೇ ಇಟ್ಟುಕೊಳ್ಳಲಿ ಎಂದಿತು. ನಲವತ್ತನಾಲ್ಕು ವರ್ಷ ತಡವಾಗಿ ಬಂದ ಬುದ್ಧಿ. ರಿಯಾಯಿತಿ ಇಳಿಯುವ ಗಡುವಿಗೆ ಮುಂಚೆ ಕೌನ್ಸಿಲ್ ಕಚೇರಿಗಳಿಗೆ ಅರ್ಜಿಗಳು ಮುಗಿಬಿದ್ದವು. ಅರ್ಜಿ ಹಾಕಿದವರದೇನೂ ತಪ್ಪಿಲ್ಲ. ಅಷ್ಟು ಸೋವಿಗೆ ಸಿಗುವ ಮನೆಯನ್ನು ಯಾರು ಬಿಟ್ಟಾರು?